ಮೃತ್ಯುಂಜಯಪ್ಪ ಕುಳಿತುಕೊಳ್ಳಲಿಲ್ಲ

ಕುಳಿತುಕೊಳ್ಳುವುದು ದೊಡ್ಡ ವಿದ್ಯೆಯೇನಲ್ಲ. ಕೂಸು ವರ್ಷ ತುಂಬುವುದರೊಳಗೆ ಅದನ್ನು ಕಲಿತುಬಿಡುತ್ತದೆ, ಆಮೇಲೆ ಸಾಯುವ ತನಕ ಯಾರೂ ಅದರ ಬಗ್ಗೆ ವಿಚಾರ ಮಾಡುವುದಿಲ್ಲ. ಹಾನಗಲ್ಲಿನ ಮೃತ್ಯುಂಜಯಪ್ಪನಿಗೆ ಮಾತ್ರ ಅರವತ್ತರ ಹತ್ತಿರ ಬಂದ ಮೇಲೆ ವಿಚಾರ ಮಾಡುವ ಪ್ರಸಂಗ ಬಂತು. ಅವನು ವಿಚಾರ ಮಾಡುತ್ತಿದ್ದಾನೆ ಎನ್ನುವುದು ಓಣಿಗೆ ಗೊತ್ತಾಯಿತು. ಓಣಿಗೆ ಗೊತ್ತಾದದ್ದು ಶಿಗ್ಗಾವಿಗೆ ಮುಟ್ಟಿತು. ಶಿಗ್ಗಾವಿಯಿಂದ ಅದು ಹಿರೇಕೆರೂರು ಕಡೆ ಹೋಗುವ ಹೊತ್ತಿಗೆ ಮನುಷ್ಯ ಅರ್ಧ ಸತ್ತಿದ್ದ.

ಅವನ ಕೆಲಸವೇ ಕುಳಿತುಕೊಳ್ಳುವುದು. ಪೇಟೆಯ ಲಕ್ಕಪ್ಪ ಸಾವ್ಕಾರರ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಭತ್ತ, ಗೋವಿನಜೋಳ ತಂದವರ ಲೆಕ್ಕ ಬರೆಯುತ್ತ ಗಾದಿಯ ಮೇಲೆ ಎಷ್ಟು ಕಾಲ ಕುಳಿತಿದ್ದನೆಂದರೆ, ಗಾದಿಯಲ್ಲಿ ಅವನ ಅಳತೆಯ ತಗ್ಗೊಂದು ಬಿದ್ದು, ಅವನು ರಜೆ ಹಾಕಿದ ದಿನ ಅಂಗಡಿಯ ಬೆಕ್ಕು ಅದರಲ್ಲಿ ಮಲಗುತ್ತಿತ್ತು. ಮಗಳು ಮದುವೆಯಾಗಿ ಗಂಡನ ಮನೆಯಲ್ಲಿದ್ದಳು. ಮನೆಯಲ್ಲಿ ಅವನು, ಹೆಂಡತಿ ಸುಧಾರಾಣಿ. ಸುಖವಾಗಿಯೇ ಇದ್ದನೆನ್ನಬಹುದಿತ್ತು, ಒಂದು ಸಂಗತಿ ಬಿಟ್ಟರೆ. ಹಂಸಭಾವಿಯಲ್ಲಿದ್ದ ಅಣ್ಣ ಉಳವಪ್ಪ ಅವನ ಸಂಗಡ ಮಾತು ಬಿಟ್ಟಿದ್ದ.

ಮಾತು ಬಿಟ್ಟದ್ದು ಹೊಲಕ್ಕಲ್ಲ, ಮನೆಗಲ್ಲ. ಮಗಳ ಮದುವೆಯಲ್ಲಿ ಆಯೇರಿಯ ಉಡುಗೊರೆ ಮಾಡುವಾಗ ಹಿರಿಯರ ತಲೆಗೆ ಪಟಗ ಸುತ್ತುವುದು ಪದ್ಧತಿ, ಮೊದಲ ಪಟಗ ಮನೆಯ ಹಿರಿಯನಿಗೆ ಸಲ್ಲಬೇಕು. ಮೃತ್ಯುಂಜಯಪ್ಪ ಆ ಗದ್ದಲದಲ್ಲಿ, ಬೀಗರ ಕಡೆಯ ಹಿರಿಯರೆಂದು ತಿಳಿದು, ದಪ್ಪ ಮೀಸೆಯ ಒಬ್ಬನಿಗೆ ಸುತ್ತಿಬಿಟ್ಟ. ಆಮೇಲೆ ನೋಡಿದರೆ ಅವನು ಅಡಿಗೆಯವನು, ಉಪ್ಪು ಕೇಳಲು ಬಂದಿದ್ದ. ಹಾಗೆಯೇ ಒಬ್ಬರ ಹಿಂದೆ ಒಬ್ಬರಿಗೆ ಸುತ್ತುತ್ತ ಹೋಗಿ ಅಣ್ಣನ ಎದುರು ಬಂದು ನಿಂತಾಗ ಬುಟ್ಟಿಯಲ್ಲಿ ಒಂದು ಟವೆಲ್ಲು ಉಳಿದಿತ್ತು. ಉಳವಪ್ಪ ಆ ಟವೆಲ್ಲನ್ನು ನೀಟಾಗಿ ಮಡಚಿ ಖುರ್ಚಿಯ ಮೇಲಿಟ್ಟು, ಉಣ್ಣದೆ ಎದ್ದು ಹೋದ. ಅವತ್ತಿನಿಂದ ಹಾನಗಲ್ಲಿನ ಕಡೆ ಮುಖ ಹಾಕಲಿಲ್ಲ. ತಮ್ಮ ಫೋನ್ ಮಾಡಿದರೆ ಎತ್ತುತ್ತಿದ್ದ, ಸುಮ್ಮನೆ ಉಸಿರಾಡುತ್ತಿದ್ದ, ಇಟ್ಟುಬಿಡುತ್ತಿದ್ದ. ಮೃತ್ಯುಂಜಯಪ್ಪ ಹಬ್ಬಕ್ಕೊಮ್ಮೆ ಆ ಉಸಿರು ಕೇಳುವ ಸಲುವಾಗಿಯೇ ಫೋನ್ ಮಾಡುತ್ತಿದ್ದ.

ಹೀಗಿರುವಾಗ ಪೇಟೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ ನಡೆಯಿತು. ಬೆರಳಿಗೆ ಸೂಜಿ ಚುಚ್ಚಿದ ಡಾಕ್ಟರು, "ಇನ್ನೂ ಒಳಗ ಬಂದಿಲ್ಲ, ಬಾಗಿಲದಾಗ ನಿಂತೈತಿ" ಎಂದರು. ಬಾಗಿಲಲ್ಲಿ ಯಾರೇ ನಿಂತರೂ ಒಳಗೆ ಬರ್ರಿ ಎನ್ನುವುದು ಮೃತ್ಯುಂಜಯಪ್ಪನ ಸ್ವಭಾವ. ಆದ್ದರಿಂದ ಅವನಿಗೆ ಬಹಳ ಹೆದರಿಕೆಯಾಯಿತು. ಅಂಗಡಿಗೆ ಬಂದವನೇ, ರವಿವಾರ ಮುಂಜಾನೆ ಹೆಲ್ಮೆಟ್ಟು ಹಾಕಿಕೊಂಡು ಸೈಕಲ್ ತುಳಿಯುವ ಸಾಹೇಬರನ್ನು ನೆನಪಿಸಿಕೊಂಡು, ರೈತರು ಹಮಾಲರೆಲ್ಲರ ಮುಂದೆ ಸಾರಿದ.

"ನಾನೂ ಸೈಕಲ್ ಹೊಡಿತೇನಿ. ದಿನಾ ಮುಂಜಾನೆ ಆಡೂರು ಮಟಾ ಹೋಗಿ ಬರ್ತೇನಿ."

"ಆಡೂರಿಗೆ ಬಸ್ ಐತಲ್ಲೋ" ಎಂದರು ಲಕ್ಕಪ್ಪ. "ಅಲ್ಲೇನು ಕೆಲಸ ನಿನಗ?"

"ಕೆಲಸ ಇಲ್ರಿ ಸಾವ್ಕಾರ್ರ. ಹಳೇ ಶಾಸನ ಅದಾವಲ್ಲ ಅಲ್ಲಿ."

"ಅವನ್ನ ಓದಾಕ ಬರತೈತೇನು?"

"ನೋಡಿ ಬರ್ತೇನ್ರಿ."

ವರ್ಗವಾಗಿ ಹೋದ ಇಂಜಿನಿಯರರೊಬ್ಬರು ಬಿಟ್ಟುಹೋದ ಗೇರಿನ ಸೈಕಲ್ಲನ್ನು ಅವನು ಕೊಂಡು ತಂದ. ಸುಧಾರಾಣಿ ಅದನ್ನು ಬಾಗಿಲಲ್ಲಿ ನಿಂತು ನೋಡಿ, "ಈ ವಯಸ್ಸಿನಾಗ ಇದೊಂದು ಬಾಕಿ ಇತ್ತೇನು" ಎಂದಳು. ಸೈಕಲ್ಲು ಚೆಂದವೇ ಇತ್ತು. ಸೀಟು ಮಾತ್ರ ಅಡಿಗೆಮನೆಯ ಈಳಿಗೆಯನ್ನು ನೆನಪಿಗೆ ತರುತ್ತಿತ್ತು. ಮುಂದೆ ಬೆರಳಿನಷ್ಟು, ಹಿಂದೆ ಅಂಗೈಯಷ್ಟು, ಒತ್ತಿ ನೋಡಿದರೆ ಕಲ್ಲು. ಅದನ್ನು ಮಾಡಿದವರು ಮನುಷ್ಯನನ್ನು ಎದುರಿಗಿಟ್ಟುಕೊಂಡು ಮಾಡಿದ್ದರೋ, ಇಲ್ಲ ಅವನ ಮೇಲೆ ಏನಾದರೂ ಸಿಟ್ಟಿತ್ತೋ ಹೇಳುವುದು ಕಷ್ಟ. ಮೊದಲ ದಿನ ಮೃತ್ಯುಂಜಯಪ್ಪ ಆನಿಕೆರೆಯ ದಂಡೆಯ ತನಕ ತುಳಿದ. ಅಲ್ಲಿಂದ ನೂಕಿಕೊಂಡು, ಎರಡು ಕಾಲುಗಳ ನಡುವೆ ಒಂದು ಕೊಡಪಾನ ಹಿಡಿದವನಂತೆ ನಡೆಯುತ್ತ ಮನೆಗೆ ಬಂದ. ಆಡೂರಿನ ಶಾಸನಗಳು ಸಾವಿರ ವರ್ಷ ಕಾದಿದ್ದವು, ಇನ್ನೂ ಕೆಲವು ದಿನ ಕಾಯಬೇಕಾಯಿತು.

ಆ ದಿನ ಅವನು ಗೋಡೆಯ ಮಾಡದಲ್ಲಿ ತಾಟು ಇಟ್ಟುಕೊಂಡು ನಿಂತು ಉಂಡ.

"ಯಾಕ್ರೀ ನಿಂತು ಉಣ್ಣಾಕತ್ತೀರಿ?" ಎಂದು ಕೇಳಿದಳು ಸುಧಾರಾಣಿ.

"ಹಿಂಗ ಚಲೋ ಅನಸತೈತಿ."

"ಎಲ್ಲೆರ ನೋವೈತೇನು?"

ಹೆಂಡತಿಗೆ ಹೇಳಬಹುದಿತ್ತು. ಹೇಳಿದರೆ ಅವಳು ಗೆದ್ದಂತಾಗುತ್ತಿತ್ತು. ಅಂಗಡಿಯಲ್ಲಿ ಹೇಳಿದರೆ ಹಮಾಲರು ಗೆದ್ದಂತಾಗುತ್ತಿತ್ತು. ಸಾಲದ್ದಕ್ಕೆ ಪಕ್ಕದ ಮನೆಯ ಮುದುಕಿ ಫಕ್ಕೀರವ್ವ ಹೊಸ್ತಿಲ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು. ಅವಳ ಮುಂದೆ ಆ ಜಾಗದ ಹೆಸರು ಎತ್ತುವುದಾದರೂ ಹೇಗೆ.

"ಏನಿಲ್ಲ" ಎಂದ.

"ಸೈಕಲ್ ತ್ರಾಸು ಕೊಡಾಕತ್ತೈತೇನು ಮತ್ತ?"

"ಸೈಕಲ್ಲೇನು, ಹೂ ಇದ್ದಂಗ ಐತಿ."

ಹೀಗೆ ಖರೇ ಕಾರಣವನ್ನು ಅವನೇ ತನ್ನ ಕೈಯಾರೆ ತೆಗೆದು ಹಾಕಿದ. ಮರುದಿನದಿಂದ ಮುಂಜಾನೆ ಸೈಕಲ್ ನೂಕಿಕೊಂಡು ಊರ ಹೊರಗೆ ಹೋಗುವುದು, ಒಮ್ಮೆ ಹತ್ತಿ ನೋವು ಹೊಸದು ಮಾಡಿಕೊಂಡು ಇಳಿಯುವುದು, ಒಂದು ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲುವುದು, ಬೆವರು ಬಾರದಿದ್ದರೆ ಮುಖಕ್ಕೆ ನೀರು ಚಿಮುಕಿಸಿಕೊಂಡು ಬರುವುದು. ಸೈಕಲ್ಲಿನ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ. ಬಂದದ್ದೆಲ್ಲ ಅವನ ಬಗ್ಗೆ.

ಅಂಗಡಿಯಲ್ಲಿ ಅವನು ಭತ್ತದ ಚೀಲಗಳ ಮೇಲೆ ಲೆಕ್ಕದ ಬುಕ್ಕು ಇಟ್ಟುಕೊಂಡು ನಿಂತು ಬರೆಯತೊಡಗಿದ. ಬೆಕ್ಕು ಗಾದಿಯನ್ನು ಖಾಯಂ ಮಾಡಿಕೊಂಡಿತು. ಲಕ್ಕಪ್ಪ ಕೆಲವು ದಿನ ಸುಮ್ಮನೆ ನೋಡಿದರು.

"ಕುಂದ್ರೋ."

"ಬ್ಯಾಡ್ರಿ. ನಿಂತ್ರ ಆರಾಮ ಐತಿ."

ಲಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಪ್ಪಗೂ ಹಿಂಗ ಸುರು ಆಗಿತ್ತು" ಎಂದರು.

"ಆಮ್ಯಾಲೆ?"

"ಆಮ್ಯಾಲೇನು. ನೀ ಚಹಾ ಕುಡಿ."

ಈ ಸೀಮೆಯಲ್ಲಿ ಕೆಲವು ರೋಗಗಳ ಹೆಸರು ಹೇಳುವುದಿಲ್ಲ. ಹಗುರಾದದ್ದಕ್ಕೆ 'ಆ ತ್ರಾಸು' ಎನ್ನುತ್ತಾರೆ, ಭಾರವಾದದ್ದಕ್ಕೆ 'ಆ ಬ್ಯಾನಿ' ಎನ್ನುತ್ತಾರೆ. ರೋಗಿಯನ್ನು ಎಲ್ಲಿ, ಏನು ಎಂದು ಕೇಳುವುದು ಮರ್ಯಾದೆಯಲ್ಲ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ರೋಗ ಹೆಚ್ಚಾಗಬೇಕೆಂದೇನೂ ಇಲ್ಲ, ಹೇಳುವವರು ದನಿ ತಗ್ಗಿಸಿದರೆ ಸಾಕು. ಲಕ್ಕಪ್ಪ ಮನೆಯಲ್ಲಿ ಹೆಂಡತಿಗೆ ಹೇಳುವಾಗ ದನಿ ತಗ್ಗಿಸಿದರು.

ಮೃತ್ಯುಂಜಯಪ್ಪ ಸೀಟಿನ ಮೇಲೆ ಹಾಕುವ ಮೆತ್ತನೆಯ ಕವರು ಶಿಗ್ಗಾವಿಯಲ್ಲಿ ಸಿಗುತ್ತದೆಂದು ಕೇಳಿ ಬಸ್ಸು ಹತ್ತಿದ. ಹೆಣ್ಣುಮಕ್ಕಳಿಗೆ ಬಿಟ್ಟಿ ಪ್ರಯಾಣ ಆದಾಗಿನಿಂದ ಗಂಡಸರಿಗೆ ಸೀಟು ಸಿಕ್ಕರೆ ಪುಣ್ಯ. ಅಂಥದರಲ್ಲಿ ಎದುರಿಗೇ ಖಾಲಿಯಿದ್ದ ಸೀಟು ಬಿಟ್ಟು, ಸರಳು ಹಿಡಿದು ನಿಂತವನನ್ನು ಇಡೀ ಬಸ್ಸು ನೋಡಿತು.

"ಕುಂದರ್ರಿ ಯಜಮಾನ್ರ" ಎಂದ ಕಂಡಕ್ಟರು.

"ಇರಲಿ ಬಿಡ್ರಿ."

"ನಿಂತ್ರ ಟಿಕೀಟು ಕಡಿಮಿ ಆಗಂಗಿಲ್ಲ."

"ಗೊತ್ತೈತ್ರಿ."

ಶಿಗ್ಗಾವಿಯ ಸೈಕಲ್ ಅಂಗಡಿ ಕೆಳಗೆ, ಅದರ ಮಾಳಿಗೆಯ ಮೇಲೆ ಒಂದು ದವಾಖಾನೆ, ಎರಡಕ್ಕೂ ಒಂದೇ ಬಾಗಿಲು. ಮೃತ್ಯುಂಜಯಪ್ಪ ಪೇಪರಿನಲ್ಲಿ ಸುತ್ತಿದ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಬಾಗಿಲಿನಿಂದ ಹೊರಬೀಳುವುದಕ್ಕೂ, ಸುಧಾರಾಣಿಯ ತಂಗಿ ತನುಜಾ ಕಾಯಿಪಲ್ಯ ಹಿಡಿದುಕೊಂಡು ಎದುರಿಗೆ ಬರುವುದಕ್ಕೂ ಸರಿಹೋಯಿತು. ತನುಜಾಳನ್ನು ಆ ಊರಿಗೇ ಕೊಟ್ಟಿದ್ದರು.

"ಮಾಮಾರ, ನೀವಿಲ್ಲಿ? ಅಕ್ಕಗ ಹೇಳಿ ಬಂದೀರೇನ್ರಿ?"

"ಆಕಿಗೆ ಹೇಳಬ್ಯಾಡವ್ವಾ."

"ಕೈಯಾಗೇನ್ರಿ ಅದು?"

"ಏನಿಲ್ಲ. ಸ್ವಲ್ಪ ಮೆತ್ತಗ ಕುಂದ್ರಾಕ."

ತನುಜಾ ತಲೆಯೆತ್ತಿ ದವಾಖಾನೆಯ ಬೋರ್ಡನ್ನು ನೋಡಿದಳು, ತಲೆ ತಗ್ಗಿಸಿ ಪೊಟ್ಟಣವನ್ನು ನೋಡಿದಳು. ಅವಳ ಕಣ್ಣು ತುಂಬಿತು. "ಮನಿಗೆ ಬರ್ರಿ, ಕುಂತು ಒಂದು ಕಪ್ಪು ಚಹಾ" ಎಂದವಳು ನಡುವೆಯೇ ನಾಲಿಗೆ ಕಚ್ಚಿಕೊಂಡು, "ನಿಂತ ಕುಡಿದು ಹೋಗ್ರಿ" ಎಂದಳು.

ಕವರಿನಿಂದ ಏನೂ ಉಪಯೋಗವಾಗಲಿಲ್ಲ. ಅದು ಕೆಸರಿನಲ್ಲಿ ಹಿಡಿದ ಮೀನಿನ ಹಾಗೆ, ಕುಳಿತರೆ ಒಂದು ಕಡೆಗೆ, ಎದ್ದರೆ ಇನ್ನೊಂದು ಕಡೆಗೆ ಜಾರುತ್ತಿತ್ತು. ಅಷ್ಟರಲ್ಲಿ ಯಾರೋ ಸವಣೂರಿನ ಹುಸೇನಸಾಬನ ಹೆಸರು ಹೇಳಿದರು. ಟಾಂಗಾಗಳ ಗಾದಿ ಹೊಲಿಯುತ್ತಿದ್ದ ಮನೆತನ. ಟಾಂಗಾ ಹೋಗಿ ಆಟೋ ಬಂದ ಮೇಲೆ ಆಟೋ ಸೀಟು ಹೊಲಿದುಕೊಂಡು ಇದ್ದ. ಮೃತ್ಯುಂಜಯಪ್ಪ ಸೀಟನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು, ಮತ್ತೆ ನಿಂತುಕೊಂಡೇ ಸವಣೂರಿನ ತನಕ ಹೋದ.

ಹುಸೇನಸಾಬ ಸೀಟನ್ನು ಕೈಗೆ ತೆಗೆದುಕೊಂಡ. ಸತ್ತ ಹಕ್ಕಿಯನ್ನು ತಿರುಗಿಸಿದಂತೆ ಅತ್ತ ಇತ್ತ ತಿರುಗಿಸಿದ.

"ಇದು ಸೀಟ್ ಅಲ್ರಿ" ಎಂದ ಕೊನೆಗೆ. "ಸಜಾ ಇದು. ಯಾರಿಗರ ಕೊಟ್ಟಿದ್ದು, ತಪ್ಪಿ ನಿಮಗ ಬಂದೈತಿ."

"ಏನರ ಮಾಡಾಕ ಬರತೈತೇನ್ರಿ?"

"ನಾ ಟಾಂಗಾ ಗಾದಿ ಮಾಡಿಕೊಡತೇನಿ. ತೆಂಗಿನ ನಾರು, ಮ್ಯಾಲ ಹತ್ತಿ, ಅದರ ಮ್ಯಾಲ ಕೆಂಪು ರೆಕ್ಸಿನ್ನು. ನಮ್ಮ ಗಾದಿ ಮ್ಯಾಲ ಕುಂತಾವ ಒಬ್ಬನೂ ತಕರಾರು ಮಾಡಿಲ್ಲ."

"ಟಾಂಗಾದಾಗ ಕುಂತಾವ ಕಾಲು ತುಳಿಯಂಗಿಲ್ಲಲ್ರಿ. ಕುದುರಿ ತುಳಿತಿತ್ತು."

"ಕುದುರಿನೂ ತಕರಾರು ಮಾಡಿಲ್ರಿ."

ಹುಸೇನಸಾಬನ ಹೆಂಡತಿ ಹಾಜರಾಬಿ ಚಹಾ ತಂದು, "ಕುಂದರ್ರಿ" ಎಂದಳು. ಅವನು ಒಲ್ಲೆನೆಂದ. ಅವಳು ಗಂಡನ ಮುಖ ನೋಡಿದಳು. ಸಂಜೆ ಸೀಟು ತಯಾರಾಗಿ ಅವನು ಹೊರಟು ನಿಂತಾಗ, ಒಳಗಿನಿಂದ ಬಂದು, ದರ್ಗಾದ ಊದುಬತ್ತಿಯ ಬೂದಿಯನ್ನು ಕಾಗದದಲ್ಲಿ ಕಟ್ಟಿ ಕೈಯಲ್ಲಿಟ್ಟಳು. "ಯಾರ ಹಣ್ಯಾಗ ಏನು ಬರದೈತೋ, ಧೈರ್ಯ ಇರಲಿ ಭಾಯಿ" ಎಂದಳು. ಅವಳಿಗೆ ಹಾನಗಲ್ಲಿನಲ್ಲಿ ಯಾರೂ ಪರಿಚಯದವರಿರಲಿಲ್ಲ. ನಿಂತವನನ್ನು ನೋಡಿ ತಾನೇ ತಿಳಿದುಕೊಂಡಳು.

ಮನೆಯ ಹಿತ್ತಲಿನಲ್ಲಿ ಹೊಸ ಸೀಟನ್ನು ಕೂರಿಸಿ ಮೃತ್ಯುಂಜಯಪ್ಪ ಅದರ ಮೇಲೆ ಕುಳಿತ. ಇಂಥ ಸುಖವನ್ನು ಅವನು ಬಹಳ ದಿನಗಳಿಂದ ಕಂಡಿರಲಿಲ್ಲ. ಸೀಟು ಅಕ್ಕಿ ಕೇರುವ ಮೊರದಷ್ಟು ಅಗಲವಿತ್ತು, ಅಂಚಿಗೆ ಹಿತ್ತಾಳೆಯ ಮೊಳೆಗಳಿದ್ದವು. ಆದರೆ ಅಷ್ಟು ಅಗಲದಿಂದ ಇಳಿದು ಕೆಳಗೆ ಹೋಗುವ ಹೊತ್ತಿಗೆ ಕಾಲು ಮುಗಿದುಹೋಗುತ್ತಿತ್ತು. ಪೆಡಲ್ಲು ಬೆರಳ ತುದಿಗೂ ತಾಗುತ್ತಿರಲಿಲ್ಲ. ಸೀಟು ಇಳಿಸಿದರೆ ಮೊಣಕಾಲು ಎದೆಗೆ ಬಡಿಯುತ್ತಿತ್ತು. ಅಂತೂ ಆರಾಮವಾದ ಸೀಟು ಸಿಕ್ಕಿತ್ತು. ಅದರ ಮೇಲೆ ಕುಳಿತು ಎಲ್ಲಿಗೂ ಹೋಗಲು ಬರುತ್ತಿರಲಿಲ್ಲ, ಅಷ್ಟೇ.

ಅವನು ಆ ದುಃಖದಲ್ಲಿದ್ದಾಗಲೇ ಮೊದಲ ಬಾಳೆಹಣ್ಣು ಬಂತು.

ಯಾರಿಗಾದರೂ ಕಡೆಗಾಲ ಬಂದಿದೆ ಎಂದರೆ ಬೀಗರು ಬಿಜ್ಜರು ಬಂದು ಮಾತಾಡಿಸಿಕೊಂಡು ಹೋಗಬೇಕು. ಬಾಳೆಹಣ್ಣು, ಬಿಸ್ಕೀಟು, ಬ್ರೆಡ್ಡು, ಇಷ್ಟು ಹಿಡಿದುಕೊಂಡು ಬರಬೇಕು. ಬಂದು ಸ್ವಲ್ಪ ಹೊತ್ತು ಕುಳಿತು, ರೋಗದ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿ, ಹೋಗುವಾಗ ಬಾಗಿಲಲ್ಲಿ ತಿರುಗಿ ಒಮ್ಮೆ ನೋಡಬೇಕು. ತನುಜಾ ಶಿಗ್ಗಾವಿಯಿಂದ ಅಳುತ್ತ ಬಂದಳು. ಲಕ್ಕಪ್ಪ ಬಂದರು. ಮಗಳ ಬೀಗರು ಬಂದರು. ಮೃತ್ಯುಂಜಯಪ್ಪನಿಗೇ ಗುರುತಿಲ್ಲದ ಇಬ್ಬರು ಬಂದು, ಗಟ್ಟಿಯಾಗಿ ಅತ್ತು, ಚಹಾ ಕುಡಿದು ಹೋದರು. ಫಕ್ಕೀರವ್ವ ಹೊಸ್ತಿಲ ಮೇಲೆ ಕುಳಿತು ಯಾರು ಒಳಗೆ, ಯಾರು ಹೊರಗೆ ಎಂದು ವ್ಯವಸ್ಥೆ ನೋಡಿಕೊಂಡಳು.

"ಎಂಥಾ ಮನಶ್ಯಾ ಇದ್ದ" ಎಂದರು ಬೀಗರು.

"ಇನ್ನೂ ಇದ್ದೇನ್ರಿ" ಎಂದ ಮೃತ್ಯುಂಜಯಪ್ಪ, ಗೋಡೆಗೆ ಆತು ನಿಂತು.

"ಧೈರ್ಯ ನೋಡ್ರಿ."

"ಮೃತ್ಯುಂಜಯ ಅಂತ ಹೆಸರು ಇಟ್ಟಾವರು ಏನು ತಿಳಕೊಂಡು ಇಟ್ಟಿದ್ರೋ ಏನೋ" ಎಂದಳು ಫಕ್ಕೀರವ್ವ.

"ಸುಳ್ಳಲ್ರಿ, ನನಗ ಏನೂ ಆಗಿಲ್ಲ. ಆ ಸೈಕಲ್ ಐತಲ್ಲ, ಅದರ"

"ಸೈಕಲ್ ಚಿಂತಿ ಈಗ್ಯಾಕೋ" ಎಂದು ಲಕ್ಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. "ಅದನ್ನೇನು ಜೋಡಿ ಒಯ್ಯಾಂವ ಇದ್ದೀಯೇನು. ಬಿಡು."

ಸುಧಾರಾಣಿ ಅವನನ್ನು ಅಡಿಗೆಮನೆಗೆ ಕರೆದಳು. ಅತ್ತು ಅತ್ತು ಅವಳ ಮುಖ ಬಾತಿತ್ತು.

"ಊರಿಗೆಲ್ಲಾ ಗೊತ್ತೈತಿ. ನನಗೊಬ್ಬಾಕಿಗೆ ಹೇಳಲಿಲ್ಲ ನೀವು."

ಅವಳು ಗೆದ್ದರೆ ಗೆಲ್ಲಲಿ ಎಂದು ಅವನಿಗೆ ಆಗ ಅನ್ನಿಸಿತು. "ಸುಧಾ, ಇಲ್ಲಿ ಕೇಳು" ಎಂದು ಬಾಯಿ ತೆರೆದ.

"ಹಂಸಭಾವಿಗೆ ಫೋನ್ ಮಾಡೇನಿ" ಎಂದಳು ಅವಳು. "ಭಾವಾರಿಗೆ ಹೇಳೇನಿ. ಬರ್ತೇನಿ ಅಂದ್ರು."

ತೆರೆದ ಬಾಯಿ ತೆರೆದೇ ಉಳಿಯಿತು.

"ಅಂದ? ಬಾಯಿಬಿಟ್ಟು ಅಂದ?"

"ಬಾಯಿಬಿಟ್ಟ ಅಂದ್ರು. ‘ಹೊಂಟೇನಿ’ ಅಂದ್ರು."

ಮೃತ್ಯುಂಜಯಪ್ಪ ಒಲೆಯ ಮೇಲಿನ ಹಾಲನ್ನೇ ನೋಡುತ್ತ ನಿಂತ. ಅದು ಉಕ್ಕಿತು, ಅವನು ನೋಡಿದ, ಇಳಿಸಲಿಲ್ಲ. ಆಮೇಲೆ ಬಹಳ ಮೆತ್ತಗೆ ಹೇಳಿದ.

"ಹಾಸಿಗಿ ಹಾಸು."

ಅವನು ಮಗ್ಗುಲಾಗಿ ಮಲಗಿ ಕುತ್ತಿಗೆಯ ತನಕ ಕೌದಿ ಹೊದ್ದುಕೊಂಡ. ನರಳಬೇಕೋ ಬೇಡವೋ ಎನ್ನುವುದು ಗೊತ್ತಾಗಲಿಲ್ಲ. ಒಮ್ಮೆ ನರಳಿ ನೋಡಿದ. ಹೊರಗೆ ಹೆಂಗಸರೆಲ್ಲ ಒಟ್ಟಿಗೇ ಅಳತೊಡಗಿದ್ದರಿಂದ ಸುಮ್ಮನಾದ.

ಉಳವಪ್ಪ ಮಧ್ಯಾಹ್ನದ ಮೇಲೆ ಬಂದ. ಎತ್ತರದ ಮನುಷ್ಯ, ಬಿಳಿ ಧೋತರ, ಕೈಯಲ್ಲಿ ಕೋಲು. ಮೊಣಕಾಲು ಹೋಗಿದ್ದವು, ಒಂದೊಂದೇ ಮೆಟ್ಟಿಲನ್ನು ಲೆಕ್ಕ ಚುಕ್ತಾ ಮಾಡಿದಂತೆ ಹತ್ತಿದ. ಎಲ್ಲರೂ ಎದ್ದು ನಿಂತು ದಾರಿ ಬಿಟ್ಟರು. ಅವನು ಹಾಸಿಗೆಯ ಪಕ್ಕ ಗೋಡೆ ಹಿಡಿದು ನೆಲಕ್ಕೆ ಕುಳಿತ. ಕುಳಿತುಕೊಳ್ಳುವುದು ಅವನಿಗೂ ಸುಲಭವಿರಲಿಲ್ಲ.

"ಲೇ" ಎಂದ.

"ಅಣ್ಣಾ."

ಬಿಟ್ಟ ಮಾತನ್ನು ಮತ್ತೆ ಎಲ್ಲಿಂದ ಹಿಡಿಯಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಮಳಿ ಹೆಂಗೈತಿ ನಿಮ್ಮ ಕಡೆ?" ಎಂದು ಕೇಳಿದ ಉಳವಪ್ಪ.

"ಆಗೇತಿ. ನಿಮ್ಮ ಕಡೆ?"

"ಆಗೇತಿ."

ಉಳವಪ್ಪ ಒಂದು ಬಾಳೆಹಣ್ಣು ಸುಲಿದು, ಮುರಿದು, ತಮ್ಮನ ಬಾಯಿಗೆ ಇಟ್ಟ. ಮೃತ್ಯುಂಜಯಪ್ಪ ಬೆಳಗಿನಿಂದ ಬಾಳೆಹಣ್ಣು ಬಿಟ್ಟರೆ ಬೇರೇನೂ ತಿಂದಿರಲಿಲ್ಲ, ಆದರೂ ಇದನ್ನು ಪ್ರಸಾದದ ಹಾಗೆ ನುಂಗಿದ.

"ಇದರಾಗೂ ನೀನ ಮುಂದ ಹೊಂಟೆಲ್ಲೋ" ಎಂದ ಉಳವಪ್ಪ. "ಹಿರಿಯಾಂವ ನಾ ಇನ್ನೂ ಇದ್ದೇನಿ. ಪಾಳಿ ಅನ್ನೂದು ನಿನಗ ಎಂದೂ ತಿಳಿಲಿಲ್ಲ."

"ತಪ್ಪಾತು ಅಣ್ಣಾ."

"ನೀ ಫೋನ್ ಮಾಡಿದಾಗೆಲ್ಲಾ ನಾ ಎತ್ತೇನಿ. ಎತ್ತಿಲ್ಲ ಅನಬ್ಯಾಡ."

"ಗೊತ್ತೈತಿ. ಕೇಳಸ್ತಿತ್ತು."

"ಏನು ಕೇಳಸ್ತಿತ್ತು? ನಾ ಮಾತಾಡೇ ಇಲ್ಲ."

"ನೀ ಉಸರಾಡೂದು."

ಉಳವಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿ ಶಲ್ಯದಿಂದ ಮೂಗು ಒರೆಸಿಕೊಂಡ. ಆಮೇಲೆ ತಿರುಗಿ, ಇಷ್ಟು ದಿನ ಇಷ್ಟು ಜನ ಬಂದು ಹೋದರೂ ಯಾರೊಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿದ.

"ಎಲ್ಲೈತೋ ಬ್ಯಾನಿ?"

ಹೊಟ್ಟೆ ತೋರಿಸಿದ್ದರೆ ಸಾಕಿತ್ತು. ಎದೆ ತೋರಿಸಿದ್ದರೂ ನಡೆಯುತ್ತಿತ್ತು. ಆದರೆ ಈ ಒಬ್ಬ ಮನುಷ್ಯನ ಮುಂದೆ ಸುಳ್ಳು ಹೇಳುವುದು ಮೃತ್ಯುಂಜಯಪ್ಪನಿಗೆ ಸಣ್ಣಂದಿನಿಂದಲೂ ಆಗಿಬಂದಿರಲಿಲ್ಲ. ಅವನು ಕೌದಿಯೊಳಗಿನಿಂದ ಏನೋ ಗೊಣಗಿದ.

"ಜೋರಾಗಿ ಹೇಳು. ಕಿವಿ ಮಂದ ಆಗ್ಯಾವು."

"ಕುಂದರೂ ಜಾಗಾದಾಗ."

"ಯಾವಾಗಿಂದ?"

"ಸೈಕಲ್ ತಂದಾಗಿಂದ" ಎಂದ ಮೃತ್ಯುಂಜಯಪ್ಪ. "ಅದರ ಸೀಟು ಭಾಳ ಸಣ್ಣದೈತಿ ಅಣ್ಣಾ."

ಹಿತ್ತಲಿನಲ್ಲಿ ಕೋಳಿಯೊಂದು ಏನನ್ನೋ ಕೆದರುತ್ತಿರುವುದು ಕೇಳಿಸಿತು. ಕೊನೆಗೆ ಫಕ್ಕೀರವ್ವ ಹೊಸ್ತಿಲಿನಿಂದ ಕೇಳಿದಳು.

"ಅಂದ್ರ, ಸಾಯಂಗಿಲ್ಲೇನು?"

"ಸದ್ಯಕ್ಕ ಇಲ್ಲವ್ವಾ."

ಜನ ಎಂಥವರೇ ಇರಲಿ, ಅಷ್ಟು ದೂರದಿಂದ ಎರಡೆರಡು ಬಸ್ಸು ಬದಲಿಸಿ ಬಂದ ಮೇಲೆ ಅವರಿಗೂ ಒಂದು ನಿರೀಕ್ಷೆ ಇರುತ್ತದೆ. ಬೀಗರು ಮೈ ಮುರಿದು ಎದ್ದರು. ತನುಜಾ, "ಮತ್ತ ನಾ ಅಷ್ಟು ಅತ್ತದ್ದು" ಎಂದು ಅಕ್ಕನನ್ನು ನೋಡಿದಳು, ಕಣ್ಣೀರನ್ನು ಯಾರೋ ಕೈಗಡ ಒಯ್ದು ವಾಪಸ್ ಕೊಡದಿದ್ದ ಹಾಗೆ. ಲಕ್ಕಪ್ಪ ಚಪ್ಪಲಿ ಹಾಕಿಕೊಳ್ಳುತ್ತ, "ನಾಳೆ ಅಂಗಡಿಗೆ ಬಾ, ನಿಂತಾದ್ರೂ ಬಾ" ಎಂದು ಬಿಗಿಯಾಗಿ ಹೇಳಿದರು. ಯಾರೋ ತಾವು ತಂದ ಬಾಳೆಹಣ್ಣನ್ನು ಸದ್ದಿಲ್ಲದೆ ಮತ್ತೆ ಚೀಲಕ್ಕೆ ಹಾಕಿಕೊಂಡರು. ಸುಧಾರಾಣಿ ಮಾತ್ರ ಗೋಡೆಗೆ ಒರಗಿ, ಅಳುವುದೋ ನಗುವುದೋ ತಿಳಿಯದೆ, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು.

ಉಳವಪ್ಪ ಕೋಲು ಊರಿ ಎದ್ದ.

"ನಾ ಹಂಸಭಾವಿಯಿಂದ ಅಳಕೋಂತ ಬಂದೇನಿ" ಎಂದ. "ಬಸ್ಸಿನ್ಯಾಗ ಎಲ್ಲಾರೂ ನೋಡ್ಯಾರ. ಒಬ್ಬಾಕಿ ಹೆಣ್ಮಗಳು ಎದ್ದು ಸೀಟು ಬಿಟ್ಟುಕೊಟ್ಲು."

"ಅಣ್ಣಾ, ನಾ ಬೇಕಂತ"

"ಮಾತಾಡಬ್ಯಾಡ."

"ಉಂಡರ ಹೋಗ್ರಿ" ಎಂದಳು ಸುಧಾರಾಣಿ.

"ಬ್ಯಾಡವ್ವಾ."

ಅವನು ಹೊರಗೆ ಹೋದ. ಕೋಲಿನ ಸದ್ದು ಓಣಿಯ ತನಕ ಕೇಳಿಸಿತು. ಮೃತ್ಯುಂಜಯಪ್ಪ ಹಾಸಿಗೆಯ ಮೇಲೆ ಎದ್ದು ಕುಳಿತ, ಕುಳಿತದ್ದು ನೆನಪಾಗಿ ತಟ್ಟನೆ ನಿಂತ. ಈ ಸಲ ಹೋದರೆ ಉಸಿರೂ ಕೇಳಿಸಲಿಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಿತ್ತಲಿಗೆ ಓಡಿ ಸೈಕಲ್ಲನ್ನು ಹೊರಕ್ಕೆ ಎಳೆದ. ಅಣ್ಣನ ಕಾಲಿನಲ್ಲಿ ಬಸ್ ಸ್ಟ್ಯಾಂಡಿನ ತನಕ ನಡೆಯುವ ಶಕ್ತಿ ಇರಲಿಲ್ಲ. ಆ ಓಣಿಗೆ ಆಟೋ ಬರುತ್ತಿರಲಿಲ್ಲ. ಅಷ್ಟೇ ಅವನ ತಲೆಯಲ್ಲಿದ್ದದ್ದು.

ಉಳವಪ್ಪ ಲೈಟಿನ ಕಂಬ ಹಿಡಿದು ನಿಂತಿದ್ದ.

"ಅಣ್ಣಾ, ಕುಂದ್ರು."

ಉಳವಪ್ಪ ಕಂಬ ಬಿಟ್ಟು ನಡೆದ. ತಮ್ಮ ಸೈಕಲ್ ನೂಕಿಕೊಂಡು ಹಿಂದೆ ನಡೆದ. ಹಿಟ್ಟಿನ ಗಿರಣಿಯ ಮುಂದೆ ಉಳವಪ್ಪ ಮತ್ತೆ ನಿಂತ. ಹಣೆಯ ಮೇಲೆ ಬೆವರು ಸಾಲಾಗಿತ್ತು.

"ಬಯ್ಯಿ ಬೇಕಾದ್ರ. ಕುಂತು ಬಯ್ಯಿ."

ಉಳವಪ್ಪ ಅತ್ತಿತ್ತ ನೋಡಿದ. ಕುಳಿತುಕೊಳ್ಳಲು ಅಲ್ಲಿ ಕಟ್ಟೆಯಿರಲಿಲ್ಲ, ಕಲ್ಲಿರಲಿಲ್ಲ. ಅವನು ಆಕಾಶವನ್ನು ನೋಡುತ್ತ, ತಾನು ಮಾಡುತ್ತಿರುವುದು ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ, ಆ ಕೆಂಪು ಗಾದಿಯ ಮೇಲೆ ಅಡ್ಡಡ್ಡಲಾಗಿ ಕುಳಿತ. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಮೃತ್ಯುಂಜಯಪ್ಪ ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಅಣ್ಣನ ಬೆನ್ನು ಹಿಡಿದು ನೂಕಿದ.

ಪೇಟೆಯಲ್ಲಿ ಜನ ಕೆಲಸ ಬಿಟ್ಟು ನೋಡಿದರು. ಬೆಳಿಗ್ಗೆಯಷ್ಟೇ ಹೋಗಿ ಮಾತಾಡಿಸಿ, ಬಾಗಿಲಲ್ಲಿ ತಿರುಗಿ ಕೊನೆಯ ಸಲ ನೋಡಿ ಬಂದವರೂ ಅವರಲ್ಲಿದ್ದರು.

"ಆರಾಮಿಲ್ಲದಾವರು ಇಬ್ಬರೊಳಗ ಯಾರು?" ಎಂದು ಒಬ್ಬ ಹಮಾಲ ಇನ್ನೊಬ್ಬನನ್ನು ಕೇಳಿದ.

"ನೂಕಾವ."

"ಕುಂತಾವ ಯಾಕ ಅಳಾಕತ್ತಾನು ಮತ್ತ?"

ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಗದ್ದಲ ಏರಿತ್ತು. ಆ ಸೈಕಲ್ಲಿಗೆ ನಿಲ್ಲಿಸುವ ಸ್ಟ್ಯಾಂಡೂ ಇರಲಿಲ್ಲ. ಮೃತ್ಯುಂಜಯಪ್ಪ ಅದನ್ನು ಅಣ್ಣನ ಸಮೇತ ಹಿಡಿದುಕೊಂಡು ನಿಂತ. ಹಂಸಭಾವಿಯ ಮೇಲೆ ಹೋಗುವ ಹಿರೇಕೆರೂರಿನ ಬಸ್ಸು ಬಂತು. ಉಳವಪ್ಪ ಅದನ್ನು ನೋಡಿದ.

"ಗದ್ದಲೈತಿ."

ಬಸ್ಸು ಹೋಯಿತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಬಂತು. ಅದರಲ್ಲಿ ನಾಲ್ಕೇ ಜನ ಇದ್ದರು. ಉಳವಪ್ಪ ಅದನ್ನು ಮೂತಿಯಿಂದ ಬಾಲದ ತನಕ ನೋಡಿದ.

"ಇದು ಬ್ಯಾಡ."

"ಯಾಕಣ್ಣಾ?"

"ಡ್ರೈವರ್ ಸಣ್ಣ ಹುಡುಗ ಅದಾನ. ಜೋರ ಹೊಡಿತಾನ."

ಆ ಬಸ್ಸೂ ಹೋಯಿತು. ಹೊತ್ತು ಮುಳುಗುತ್ತ ಬಂತು. ಮೈಕಿನಲ್ಲಿ ಯಾರೋ ಊರುಗಳ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಿದ್ದರು. ಆ ಊರುಗಳಿಗೆ ಹೋಗುವವರು ಎದ್ದು ಹೋಗುತ್ತಿದ್ದರು.

"ಇನ್ನ ಮ್ಯಾಲ ನಮ್ಮಿಬ್ಬರೊಳಗ ಒಬ್ಬಾಂವ ಖರೇನ ಹೊಂಟ್ರೂ" ಎಂದ ಉಳವಪ್ಪ, ರಸ್ತೆಯನ್ನೇ ನೋಡುತ್ತ, "ಯಾರೂ ನಂಬಂಗಿಲ್ಲ. ಬಾಳೆಹಣ್ಣೂ ಬರಂಗಿಲ್ಲ."

"ಹೂಂ ಅಣ್ಣಾ."

ಮೃತ್ಯುಂಜಯಪ್ಪನ ತೋಳುಗಳು ನಡುಗತೊಡಗಿದ್ದವು. ರಟ್ಟೆಯಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ನೋವು ಇಳಿಯುತ್ತಿತ್ತು. ಕೈ ಬಿಟ್ಟರೆ ಅಣ್ಣ ಬೀಳುತ್ತಿದ್ದ. ಹ್ಯಾಂಡಲ್ಲು ಅಲುಗಾಡಿದ್ದು ಉಳವಪ್ಪನಿಗೆ ತಿಳಿಯಿತು. ಅವನು ತಿರುಗಿ ನೋಡಿದ.

"ಕೈ ನೋಯಾಕತ್ತಾವೇನು?"

"ಇಲ್ಲ."

"ಸುಳ್ಳು" ಎಂದ ಉಳವಪ್ಪ. ಇಳಿಯಲಿಲ್ಲ.